ಅಪ್ಪನ ಫೋನಿನಲ್ಲೊಂದು ಕೀಲಿಕೈ

"ಪುಟ್ಟಿ, ಈ ಫೋನು ನಿಮ್ಮಮ್ಮ ಕೊಡೋ ಕಾಫಿಗಿಂತ ಬಿಸಿ ಆಗ್ತದೆ. ಮಧ್ಯಾಹ್ನ ಆಗೋದ್ರೊಳಗೆ ಡೇಟಾನೂ ಖಾಲಿ. ಹೊಸದು ತಗೋಬೇಕಾ ಏನು?"

ಮೂರು ತಿಂಗಳ ಹಿಂದೆ ಸಾಗರದಿಂದ ಅಪ್ಪ ಫೋನ್ ಮಾಡಿ ಹೀಗಂದಾಗ ನಾನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕ್ಯಾಬ್ ಒಳಗೆ ಕೂತಿದ್ದೆ. "ಬ್ಯಾಟರಿ ಹಳೇದಾಗಿದೆ ಅಪ್ಪ, ಊರಿಗೆ ಬಂದಾಗ ನೋಡ್ತೀನಿ" ಅಂತ ಹೇಳಿ ಇಟ್ಟೆ. ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡೋ ಮಕ್ಕಳು ಅಪ್ಪ-ಅಮ್ಮನ ಫೋನಿನ ದೂರಿಗೆ ಕೊಡೋ ಉತ್ತರ ಸಾಮಾನ್ಯವಾಗಿ ಇಷ್ಟೇ ಅಲ್ವಾ?

ಊರಿಗೆ ಹೋಗಿದ್ದು ಎರಡು ವಾರದ ನಂತರ. ಜಗಲಿ ಮೇಲೆ ಕೂತು ಅಪ್ಪನ ಫೋನ್ ಕೈಗೆ ತಗೊಂಡಾಗ ಮೊದಲು ಕಣ್ಣಿಗೆ ಬಿದ್ದದ್ದು ಪರದೆಯ ಮೇಲ್ತುದಿಯಲ್ಲಿದ್ದ ಪುಟ್ಟ ಕೀಲಿಕೈ ಚಿಹ್ನೆ. ಆಂಡ್ರಾಯ್ಡ್ ಫೋನಿನಲ್ಲಿ ವಿಪಿಎನ್ ಚಾಲೂ ಇದ್ದಾಗ ಬರೋ ಗುರುತು ಅದು.

"ಅಪ್ಪ, ಈ ಕೀಲಿಕೈ ಯಾವಾಗಿಂದ ಇದೆ?"

"ಅದಾ? ಸೇಫ್ಟಿಗೆ. ನೀನೇ ಹಾಕ್ಕೊಳ್ಳಿ ಅಂದಿದ್ದಲ್ವೇನೇ?"

ಹೌದು, ನಾನೇ ಹೇಳಿದ್ದು. ಎರಡು ವರ್ಷದ ಹಿಂದೆ ಅಪ್ಪ-ಅಮ್ಮ ಕಾಶಿಗೆ ಹೊರಟಾಗ, ರೈಲ್ವೆ ಸ್ಟೇಷನ್ನಿನ ಫ್ರೀ ವೈಫೈ ಬಳಸೋದಾದ್ರೆ ಒಂದು ವಿಪಿಎನ್ ಹಾಕ್ಕೊಳ್ಳಿ ಅಂದಿದ್ದೆ. ಯಾವುದು ಅಂತ ಅಪ್ಪ ಕೇಳಿದ್ದರು. ಕೋಟಿಗಟ್ಟಲೆ ಡೌನ್‌ಲೋಡ್ ಆಗಿರೋದು, ನಾಲ್ಕೂವರೆ ಸ್ಟಾರ್ ಇರೋದು ಯಾವುದಾದ್ರೂ ನೋಡಿ ಅಂತ ಹೇಳಿ ನನ್ನ ಕೆಲಸಕ್ಕೆ ಹೋಗಿದ್ದೆ. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಹೇಳಿದ್ದನ್ನ ಶಿಸ್ತಾಗಿ ಪಾಲಿಸಿದ್ದಾರೆ. ಕಾಶಿಯಿಂದ ಬಂದ ಮೇಲೂ ತೆಗೆದಿಲ್ಲ.

ಡೇಟಾ ಲೆಕ್ಕ ತೆರೆದು ನೋಡಿದೆ. ಯೂಟ್ಯೂಬ್ ಅಲ್ಲ, ವಾಟ್ಸ್ಯಾಪ್ ಅಲ್ಲ, ಮೊದಲ ಸ್ಥಾನದಲ್ಲಿ ಇದ್ದದ್ದು ಆ ವಿಪಿಎನ್. ಅದೂ ಹಿನ್ನೆಲೆಯಲ್ಲಿ, ಅಪ್ಪ ಮಲಗಿರೋ ಹೊತ್ತಲ್ಲೂ. ಆಮೇಲೆ ಅದರ ಪ್ರೈವೆಸಿ ಪಾಲಿಸಿ ಓದೋಕೆ ಕೂತೆ. ಯಾರೂ ಓದಬಾರದು ಅಂತಲೇ ಬರೆದ ಹಾಗಿರೋ ಆ ಉದ್ದದ ಪುಟದ ಮಧ್ಯೆ ಒಂದು ಸಾಲು ಸಿಕ್ಕಿತು. ಉಚಿತ ಬಳಕೆದಾರರ ಇಂಟರ್ನೆಟ್ ಸಂಪರ್ಕವನ್ನ ಅವರು ಬಳಸದೇ ಇರೋ ಹೊತ್ತಲ್ಲಿ ಕಂಪನಿಯ ಪಾಲುದಾರರು ಬಳಸಬಹುದು ಅನ್ನೋದು ಅದರ ಅರ್ಥ.

ಅಂದ್ರೆ, ಪ್ರಪಂಚದಲ್ಲಿ ಎಲ್ಲೋ ಕೂತಿರೋ ಯಾರೋ ಒಬ್ಬ ನಮ್ಮ ಮನೆಯ ವಿಳಾಸ ಹೊತ್ತುಕೊಂಡು ಇಂಟರ್ನೆಟ್‌ನಲ್ಲಿ ಓಡಾಡಬಹುದು. ಅವನು ಮಾಡಬಾರದ್ದು ಮಾಡಿದ್ರೆ ದಾಖಲೆಯಲ್ಲಿ ಕಾಣೋದು ಅಪ್ಪನ ಐಪಿ ವಿಳಾಸ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟ ಮನುಷ್ಯ ಠಾಣೆಯಲ್ಲಿ ನಿಂತು "ನಂಗೊತ್ತಿಲ್ಲ ಸಾರ್, ಮಗಳು ಹಾಕ್ಕೊಳ್ಳಿ ಅಂದ್ಲು" ಅನ್ನೋ ಚಿತ್ರ ನನ್ನ ಕಣ್ಮುಂದೆ ಬಂತು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನಂಬಿಕೆ ಎಲ್ಲಿಗೆ ಹೋಯ್ತು?

ವಿಪಿಎನ್ ಅಂದ್ರೆ ಏನು ಅನ್ನೋದನ್ನ ಒಮ್ಮೆ ಸರಳವಾಗಿ ನೋಡೋಣ. ಸಾಮಾನ್ಯವಾಗಿ ನಿಮ್ಮ ಫೋನಿನಿಂದ ಹೊರಟ ಮಾಹಿತಿ ನಿಮ್ಮ ಇಂಟರ್ನೆಟ್ ಕಂಪನಿಯ ಮೂಲಕ ಹೋಗುತ್ತೆ. ನೀವು ಯಾವ ಸೈಟಿಗೆ ಯಾವಾಗ ಹೋದಿರಿ ಅನ್ನೋದು ಆ ಕಂಪನಿಗೆ ಗೊತ್ತಾಗುತ್ತೆ. ವಿಪಿಎನ್ ಹಾಕಿದ್ರೆ ನಿಮ್ಮ ಫೋನಿನಿಂದ ವಿಪಿಎನ್ ಕಂಪನಿಯ ಸರ್ವರ್ ತನಕ ಒಂದು ಸುರಂಗ ತಯಾರಾಗುತ್ತೆ. ಮಧ್ಯದಲ್ಲಿರೋರಿಗೆ ಒಳಗೆ ಏನು ಹೋಗ್ತಿದೆ ಅಂತ ಕಾಣಲ್ಲ.

ಆದ್ರೆ ಸುರಂಗಕ್ಕೆ ಇನ್ನೊಂದು ಬಾಯಿ ಇರುತ್ತಲ್ಲ? ಅಲ್ಲಿ ಕೂತಿರೋನಿಗೆ ಕಾಣುತ್ತೆ. ಇಂಟರ್ನೆಟ್ ಕಂಪನಿಯ ಮೇಲಿದ್ದ ನಂಬಿಕೆಯನ್ನ ಎತ್ತಿ ವಿಪಿಎನ್ ಕಂಪನಿಯ ಮೇಲೆ ಇಟ್ಟಿರ್ತೀವಿ, ಅಷ್ಟೇ. ಬ್ಯಾಂಕಿನ ಪಾಸ್‌ವರ್ಡ್ ಅವನಿಗೂ ಸಿಗಲ್ಲ. ಈಗ ಹೆಚ್ಚಿನ ಸೈಟುಗಳು ಎಚ್‌ಟಿಟಿಪಿಎಸ್‌ನಲ್ಲಿ ಇರೋದ್ರಿಂದ ಒಳಗಿನ ವಿಷಯ ಮೊದಲೇ ಬೀಗ ಹಾಕಿಕೊಂಡೇ ಹೋಗಿರುತ್ತೆ. ಆದ್ರೆ ಯಾವ ಬ್ಯಾಂಕು, ಯಾವ ಆಸ್ಪತ್ರೆ, ಯಾವ ಮ್ಯಾಟ್ರಿಮೊನಿ, ರಾತ್ರಿ ಎಷ್ಟು ಗಂಟೆಗೆ ಅನ್ನೋದೆಲ್ಲ ಗೊತ್ತಾಗಬಹುದು. ಒಬ್ಬ ಮನುಷ್ಯನ ಬಗ್ಗೆ ತಿಳ್ಕೊಳ್ಳೋಕೆ ಅಷ್ಟು ಸಾಕು.

ಆಂಡ್ರಾಯ್ಡ್ ಇದನ್ನ ಮುಚ್ಚಿಡಲ್ಲ. ಮೊದಲ ಸಲ ವಿಪಿಎನ್ ಆನ್ ಮಾಡಿದಾಗ ಒಂದು ಎಚ್ಚರಿಕೆ ಬರುತ್ತೆ. ಈ ಆ್ಯಪ್ ನಿಮ್ಮ ನೆಟ್‌ವರ್ಕ್‌ನಲ್ಲಿ ಹೋಗಿಬರೋದನ್ನ ಗಮನಿಸಬಲ್ಲದು, ಮೂಲದ ಮೇಲೆ ನಂಬಿಕೆ ಇದ್ರೆ ಮಾತ್ರ ಒಪ್ಪಿಕೊಳ್ಳಿ ಅಂತ. ನಾವು ಓಕೆ ಒತ್ತಿ ಮುಂದೆ ಹೋಗ್ತೀವಿ. ಅಪ್ಪನೂ ಒತ್ತಿದ್ದರು. ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ನಾನೂ ಎಷ್ಟೋ ಸಲ ಒತ್ತಿದ್ದೀನಿ.

ಪ್ಯಾಕೆಟ್ ಪುಡಿ, ಮಿಲ್ಲಿನ ಪುಡಿ

ಮಾರನೇ ದಿನ ಅಮ್ಮ ಸಾರಿನ ಪುಡಿ ಮಾಡಿಸೋಕೆ ಮಿಲ್ಲಿಗೆ ಹೊರಟರು. ಹುರಿದ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ ಎಲ್ಲ ಡಬ್ಬಿಯಲ್ಲಿ. ಡಬ್ಬಿ ಹೊತ್ತುಕೊಂಡು ನಾನೂ ಹೋದೆ. ಡಬ್ಬಿ ಅಲ್ಲಿಟ್ಟು ಸಂಜೆ ಬಂದು ತಗೊಂಡು ಹೋಗೋಣ ಅಂದ್ರೆ ಅಮ್ಮ ಒಪ್ಪಲ್ಲ. ಮಿಷನ್ ಎದುರು ನಿಂತು, ಹಿಂದಿನವರ ಪುಡಿ ಪೂರ್ತಿ ಹೊರಗೆ ಬಂತಾ ಅಂತ ನೋಡಿ, ತನ್ನದು ಬೀಸಿ ಮುಗಿಯೋ ತನಕ ಅಲ್ಲಾಡಲ್ಲ. ಕೆಮ್ಮು, ಸೀನು ಬಂದ್ರೂ ಸರಿ.

"ಅವನ ಮೇಲೆ ನಂಬಿಕೆ ಇಲ್ವಾ ಅಮ್ಮ?" ಅಂದೆ.

"ಇಪ್ಪತ್ತು ವರ್ಷದಿಂದ ಇಲ್ಲೇ ಮಾಡಿಸ್ತಿದೀನಿ, ನಂಬಿಕೆ ಇಲ್ದೆ ಬರ್ತೀನೇನೇ? ಆದ್ರೆ ನಿಂತು ನೋಡೋಕೆ ಬಿಡ್ತಾನಲ್ಲ, ಅದಕ್ಕೇ ನಂಬಿಕೆ."

ಓಪನ್ ಸೋರ್ಸ್, ಕ್ಲೋಸ್ಡ್ ಸೋರ್ಸ್ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಿಗಿಂತ ಆ ಮಾತು ನನಗೆ ಚೆನ್ನಾಗಿ ಅರ್ಥ ಆಯ್ತು.

ಕ್ಲೋಸ್ಡ್ ಸೋರ್ಸ್ ಅಂದ್ರೆ ಅಂಗಡಿಯ ಪ್ಯಾಕೆಟ್ ಪುಡಿ. ಒಳಗೇನಿದೆ ಅಂತ ಕಂಪನಿ ಬರೆದದ್ದೇ ನಮಗೆ ಗೊತ್ತಿರೋದು. ಓಪನ್ ಸೋರ್ಸ್ ಅಂದ್ರೆ ಆ್ಯಪನ್ನ ಬರೆದಿರೋ ಕೋಡ್ ಪೂರ್ತಿ ಹೊರಗೆ ಇಟ್ಟಿರ್ತಾರೆ. ಯಾರು ಬೇಕಾದ್ರೂ ಓದಬಹುದು, ತಪ್ಪು ಹುಡುಕಬಹುದು, ತಾವೇ ಆ್ಯಪ್ ತಯಾರಿಸಿ ನೋಡಬಹುದು.

ಪ್ಯಾಕೆಟ್ ಪುಡಿಯೆಲ್ಲ ಕಲಬೆರಕೆ ಅಂತ ನಾನು ಹೇಳ್ತಿಲ್ಲ. ಆದ್ರೆ ವಿಪಿಎನ್ ವಿಷಯದಲ್ಲಿ ನಡೆದಿರೋ ಕೆಲವು ಕತೆಗಳನ್ನ ಕೇಳಿ.

2013ರಲ್ಲಿ ಫೇಸ್‌ಬುಕ್ ಕಂಪನಿ ಒನಾವೊ ಅನ್ನೋ ಇಸ್ರೇಲಿ ಕಂಪನಿಯನ್ನ ಕೊಂಡುಕೊಂಡಿತು. ಅದರ ಒನಾವೊ ಪ್ರೊಟೆಕ್ಟ್ ಅನ್ನೋ ಉಚಿತ ವಿಪಿಎನ್ ಆ್ಯಪ್ ಹೆಸರಲ್ಲೇ ರಕ್ಷಣೆ ಇಟ್ಟುಕೊಂಡಿತ್ತು. ಆದ್ರೆ ಜನ ಬೇರೆ ಯಾವ ಯಾವ ಆ್ಯಪ್ ಎಷ್ಟು ಬಳಸ್ತಾರೆ ಅನ್ನೋ ಮಾಹಿತಿ ಅದರ ಮೂಲಕ ಫೇಸ್‌ಬುಕ್‌ಗೆ ಹೋಗ್ತಿತ್ತು. ವಾಟ್ಸ್ಯಾಪ್ ಎಷ್ಟು ವೇಗವಾಗಿ ಬೆಳೀತಿದೆ ಅಂತ ಅವರು ಅಳೆದದ್ದೂ ಇದೇ ಮಾಹಿತಿಯಿಂದ. 2018ರಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯೊಂದು ಪ್ರಕಟಿಸಿದ ದಾಖಲೆಗಳಲ್ಲಿ ಇದು ಬಯಲಾಯ್ತು. ಅದೇ ವರ್ಷ ಆ್ಯಪಲ್ ತನ್ನ ಆ್ಯಪ್ ಸ್ಟೋರ್‌ನಿಂದ ಅದು ಹೊರಹೋಗುವ ಹಾಗೆ ಮಾಡಿತು. 2023ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್, ಜನರನ್ನ ದಾರಿ ತಪ್ಪಿಸಿದ್ದಕ್ಕೆ ಮೆಟಾದ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಹೋಲಾ ಅನ್ನೋ ಇನ್ನೊಂದು ಉಚಿತ ಸೇವೆಯ ಕತೆ 2015ರಲ್ಲಿ ಹೊರಬಂತು. ಬಳಕೆದಾರರ ಸಂಪರ್ಕವನ್ನೇ ಅದರ ಇನ್ನೊಂದು ಅಂಗಸಂಸ್ಥೆ ಹಣಕ್ಕೆ ಮಾರ್ತಿತ್ತು. ಅಪ್ಪನ ಫೋನಿನಲ್ಲಿ ಆದ ಹಾಗೆಯೇ. ಹಾಗಾಗಿ ಇದು ಹೊಸ ಐಡಿಯಾ ಅಲ್ಲ. ಇಷ್ಟು ಹಿಂದೆಯೇ ಗೊತ್ತಿದ್ದ ವಿಷಯ ನನಗೆ ಹೊಳೀಲಿಲ್ಲ ಅನ್ನೋದೇ ನನ್ನ ನಾಚಿಕೆ.

ದುಡ್ಡು ಕೊಟ್ಟು ದೊಡ್ಡ ಕಂಪನಿಯದ್ದೇ ತಗೊಂಡ್ರೆ? 2024ರ ಜನವರಿಯಲ್ಲಿ ಇವಾಂಟಿ ಕಂಪನಿಯ ವಿಪಿಎನ್ ಉಪಕರಣಗಳಲ್ಲಿ ದೋಷ ಸಿಕ್ಕಿತು. ಇವು ದೊಡ್ಡ ದೊಡ್ಡ ಕಚೇರಿಗಳು ಬಳಸೋ ಕ್ಲೋಸ್ಡ್ ಸೋರ್ಸ್ ಸಾಮಾನು. ದಾಳಿಕೋರರು ಆಗಲೇ ಆ ದೋಷ ಬಳಸಿಕೊಂಡು ಒಳಗೆ ನುಗ್ಗಿದ್ದರು. ಕೊನೆಗೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ತನ್ನ ಸರ್ಕಾರಿ ಇಲಾಖೆಗಳಿಗೆ 48 ಗಂಟೆಯೊಳಗೆ ಅವನ್ನ ಕಿತ್ತಿಡಿ ಅಂತ ಆದೇಶ ಮಾಡಬೇಕಾಯ್ತು. ಕೋಡ್ ಬಚ್ಚಿಟ್ರೆ ಕಳ್ಳರಿಗೆ ತಪ್ಪು ಸಿಗಲ್ಲ ಅನ್ನೋ ವಾದ ಇದೆಯಲ್ಲ, ಅದು ಇಂಥ ಹೊತ್ತಲ್ಲಿ ನಿಲ್ಲಲ್ಲ. ಕಳ್ಳ ಹೇಗೋ ಹುಡುಕ್ತಾನೆ. ನೋಡೋಕೆ ಆಗದೇ ಇರೋದು ನಮ್ಮಂಥವರಿಗೆ.

ಹಾಗಾದ್ರೆ ಓಪನ್ ಸೋರ್ಸ್ ಅಂದ್ರೆ ಕಣ್ಮುಚ್ಚಿ ನಂಬಬಹುದಾ?

ಇಲ್ಲಿ ನಾನು ಸ್ವಲ್ಪ ಒಪ್ಪಿಕೊಳ್ಳೋದಿದೆ.

ವೈರ್‌ಗಾರ್ಡ್ ಅಂತ ಒಂದು ಓಪನ್ ಸೋರ್ಸ್ ವಿಪಿಎನ್ ಇದೆ. ಜೇಸನ್ ಡೊನೆನ್‌ಫೆಲ್ಡ್ ಬರೆದದ್ದು. 2020ರ ಮಾರ್ಚ್‌ನಲ್ಲಿ ಅದು ಲಿನಕ್ಸ್ 5.6ರ ಭಾಗವೇ ಆಯ್ತು. ಅದರ ದೊಡ್ಡ ಗುಣ ಅಂದ್ರೆ ಚಿಕ್ಕದಾಗಿರೋದು. ಲಿನಕ್ಸ್‌ನಲ್ಲಿ ಸೇರೋ ಭಾಗ ಸುಮಾರು 4,000 ಸಾಲಿನ ಕೋಡ್. 2001ರಿಂದ ಇರೋ ಓಪನ್‌ವಿಪಿಎನ್ ಕೂಡ ಓಪನ್ ಸೋರ್ಸೇ, ಆದ್ರೆ ಅದು ಮತ್ತು ಅದು ನೆಚ್ಚಿಕೊಂಡಿರೋ ಓಪನ್‌ಎಸ್‌ಎಸ್‌ಎಲ್ ಎರಡೂ ಸೇರಿದ್ರೆ ಇದರ ಎಷ್ಟೋ ಪಟ್ಟು ದೊಡ್ಡದು. 4,000 ಸಾಲು ಅಂದ್ರೆ ಒಬ್ಬ ಮನುಷ್ಯ ಕೂತು ಓದಿ ಮುಗಿಸಬಹುದಾದಷ್ಟು.

ಅಪ್ಪನ ಫೋನಿನ ಪ್ರಸಂಗ ಆದ ಮೇಲೆ ನಾನೂ ಓದೋಕೆ ಕೂತೆ. ಮೂರು ಸಂಜೆ ಹೋಯ್ತು. ಪ್ಯಾಕೆಟ್ ಹೇಗೆ ಬರುತ್ತೆ, ಹೇಗೆ ಹೋಗುತ್ತೆ ಅನ್ನೋದು ಅರ್ಥ ಆಯ್ತು. ಗೂಢಲಿಪಿಯ ಗಣಿತ ಬಂದಾಗ ಕೈಚೆಲ್ಲಿದೆ. ಎಂಜಿನಿಯರಿಂಗ್ ಡಿಗ್ರಿ, ಎಂಟು ವರ್ಷದ ಅನುಭವ ಇರೋ ನನ್ನ ಕತೆಯೇ ಹೀಗಾದ್ರೆ, "ಕೋಡ್ ಓಪನ್ ಇದೆ, ನೀವೇ ನೋಡ್ಕೊಳ್ಳಿ" ಅಂತ ನಮ್ಮಪ್ಪನಿಗೆ ಹೇಳೋದರಲ್ಲಿ ಏನು ಅರ್ಥ?

ಇನ್ನೊಂದು ವಿಷಯ. ಕೆಲಸದಲ್ಲಿ ನಾವು ಒಬ್ಬರ ಕೋಡನ್ನ ಇನ್ನೊಬ್ಬರು ಓದಿ ಒಪ್ಪಿಗೆ ಕೊಡಬೇಕು. ಶುಕ್ರವಾರ ಸಂಜೆ ಆರು ಗಂಟೆಗೆ ಒಂಬೈನೂರು ಸಾಲಿನ ಬದಲಾವಣೆ ಬಂದಾಗ, ಮೇಲಿಂದ ಮೇಲೆ ಕಣ್ಣಾಡಿಸಿ "ಚೆನ್ನಾಗಿದೆ" ಅಂತ ಬರೆದು ಒಪ್ಪಿಗೆ ಒತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ನೀವೂ ಈ ಫೀಲ್ಡಿನವರಾದ್ರೆ ಈಗ ನಗ್ತಿರ್ತೀರಿ. ನೋಡಬಹುದು ಅನ್ನೋದಕ್ಕೂ ನೋಡಿದ್ದಾರೆ ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ.

ಇದಕ್ಕೆ ಉದಾಹರಣೆ ವೈರ್‌ಗಾರ್ಡ್‌ನಲ್ಲೇ ಇದೆ. ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ 13.0 ಆವೃತ್ತಿಗಾಗಿ ಬೇರೊಬ್ಬರು ವೈರ್‌ಗಾರ್ಡ್ ಕೋಡ್ ಬರೆದು ಸೇರಿಸಿದ್ದರು. ಎಲ್ಲರ ಕಣ್ಣೆದುರೇ ಇತ್ತು. 2021ರ ಆರಂಭದಲ್ಲಿ, ಬಿಡುಗಡೆ ಹತ್ತಿರ ಬಂದಾಗ, ಡೊನೆನ್‌ಫೆಲ್ಡ್ ಅದನ್ನ ತೆರೆದು ನೋಡಿದ್ರೆ ತುಂಬ ದೋಷ. ಇನ್ನಿಬ್ಬರ ಜೊತೆ ಸೇರಿ ಹಗಲು ರಾತ್ರಿ ಕೂತು ಮತ್ತೆ ಬರೆದರು. ಕೊನೆಗೆ ಆತುರ ಬೇಡ ಅಂತ 13.0ಯಿಂದ ಅದನ್ನ ಪೂರ್ತಿ ತೆಗೆದೇ ಬಿಟ್ಟರು. ನೋಡೋ ಅವಕಾಶ ಇದ್ದದ್ದರಿಂದ ಉಳಿದುಕೊಂಡಿತು, ನಿಜ. ಆದ್ರೆ ಆ ಒಬ್ಬರು ಆ ವಾರ ನೋಡದೇ ಇದ್ದಿದ್ರೆ?

2014ರ ಹಾರ್ಟ್‌ಬ್ಲೀಡ್ ನೆನಪಿರಬಹುದು. ಓಪನ್‌ಎಸ್‌ಎಸ್‌ಎಲ್‌ನಲ್ಲಿದ್ದ ಆ ದೋಷ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಅರ್ಧ ಪ್ರಪಂಚದ ವೆಬ್‌ಸೈಟುಗಳು ಅದನ್ನ ಬಳಸ್ತಿದ್ದವು, ಓಪನ್‌ವಿಪಿಎನ್ ಕೂಡ. ಕೋಡ್ ತೆರೆದೇ ಇತ್ತು, ಓದೋರು ಇರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು 2024ರ ಎಕ್ಸ್‌ಝೆಡ್ ಪ್ರಕರಣ. ಲಿನಕ್ಸ್‌ನಲ್ಲಿ ಫೈಲುಗಳನ್ನ ಚಿಕ್ಕದು ಮಾಡೋ ಒಂದು ಸಣ್ಣ ಓಪನ್ ಸೋರ್ಸ್ ಸಾಫ್ಟ್‌ವೇರ್ ಅದು. ಜಿಯಾ ಟಾನ್ ಅನ್ನೋ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆ ಕೆಲಸ ಮಾಡಿಕೊಡ್ತಾ ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲು ಇಟ್ಟರು. ಎಲ್ಲಿಟ್ಟರು ನೋಡಿ. ಎಲ್ಲರೂ ಓದೋ ಕೋಡಿನ ಜಾಗದಲ್ಲಿ ಅದರ ಮುಖ್ಯ ಕೊಂಡಿ ಇರಲಿಲ್ಲ. ಬಿಡುಗಡೆಗೆ ಅಂತ ಕಟ್ಟಿದ ಪ್ಯಾಕೇಜಿನಲ್ಲಿ ಮಾತ್ರ ಸೇರಿಸಿದ್ದರು. ಪಾಕವಿಧಾನ ಸರಿಯಾಗಿಯೇ ಕಾಣ್ತಿತ್ತು, ಪ್ಯಾಕೆಟ್ಟಿನಲ್ಲಿ ಬೇರೆ ಇತ್ತು! ಆಂಡ್ರೆಸ್ ಫ್ರೊಯಿಂಡ್ ಅನ್ನೋ ಎಂಜಿನಿಯರ್ ಒಬ್ಬರಿಗೆ ಲಾಗಿನ್ ಆಗೋದು ಸುಮಾರು ಅರ್ಧ ಸೆಕೆಂಡ್ ತಡ ಆಗ್ತಿದೆ ಅನ್ನಿಸಿ, ಅದನ್ನ ಬೆನ್ನು ಹತ್ತಿ ಹೋಗಿ ಹಿಡಿದರು.

ಇಷ್ಟೆಲ್ಲ ಆದ್ರೂ ನಾನು ಓಪನ್ ಸೋರ್ಸ್ ಕಡೆಯೇ ನಿಲ್ಲೋದು ಯಾಕೆ? ಈ ಮೂರೂ ಕತೆ ಹೇಗೆ ಮುಗಿದವು ಅನ್ನೋದನ್ನ ನೋಡಿ. ಅನುಮಾನ ಬಂದವರಿಗೆ ಹೋಗಿ ನೋಡೋಕೆ ಜಾಗ ಇತ್ತು. ಫ್ರೊಯಿಂಡ್ ಆ ಎಕ್ಸ್‌ಝೆಡ್ ತಂಡದವರಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ಕೋಡ್ ಬಿಚ್ಚಿ ನೋಡಿ, ಊರಿಗೆಲ್ಲ ಹೇಳಿದರು. ಆಮೇಲೆ ಸಾವಿರಾರು ಜನ ತಾವೇ ಪರೀಕ್ಷೆ ಮಾಡಿ ಹೌದು ಅಂದರು. ಅಪ್ಪನ ಆ್ಯಪ್ ಬಗ್ಗೆ ನನಗೆ ಅನುಮಾನ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಪ್ರೈವೆಸಿ ಪಾಲಿಸಿ ಮತ್ತು ಒಂದು ಇಮೇಲ್ ವಿಳಾಸ. ಆ ಇಮೇಲಿಗೆ ಇವತ್ತಿನ ತನಕ ಉತ್ತರ ಬಂದಿಲ್ಲ.

ಓಪನ್ ಸೋರ್ಸ್ ನಂಬಿಕೆಗೆ ಗ್ಯಾರಂಟಿ ಅಲ್ಲ. ಅನುಮಾನ ಬಂದಾಗ ನಿಂತು ನೋಡೋ ಹಕ್ಕು. ಅಮ್ಮ ಹೇಳಿದ್ದೂ ಅದನ್ನೇ.

ಸುರಂಗದ ಇನ್ನೊಂದು ತುದಿ

ಆದ್ರೆ ಒಂದು ಮಿತಿ ಇದೆ. ಬಹಳ ಜನ ಮರೆಯೋದು ಇದನ್ನೇ. ನೀವು ಫೋನಿನಲ್ಲಿ ಹಾಕಿಕೊಳ್ಳೋ ಆ್ಯಪ್ ಓಪನ್ ಸೋರ್ಸ್ ಇರಬಹುದು. ಆ ತುದಿಯಲ್ಲಿರೋ ಸರ್ವರ್ ಇನ್ನೊಬ್ಬರ ಕಂಪ್ಯೂಟರ್. ಅದರೊಳಗೆ ನಿಜವಾಗಿ ಯಾವ ಕೋಡ್ ಓಡ್ತಿದೆ, ದಾಖಲೆ ಇಡ್ತಾರಾ ಇಲ್ವಾ ಅನ್ನೋದು ಮನೆಯಲ್ಲಿ ಕೂತು ನಮಗೆ ಕಾಣಲ್ಲ.

2020ರ ಜುಲೈನಲ್ಲಿ ಹಾಂಗ್‌ಕಾಂಗ್ ಮೂಲದ ಏಳು ವಿಪಿಎನ್ ಸೇವೆಗಳ ಡೇಟಾ ಒಟ್ಟಿಗೇ ಇಂಟರ್ನೆಟ್‌ನಲ್ಲಿ ಬೀಗವಿಲ್ಲದೆ ಸಿಕ್ಕಿತು. 1 ಟಿಬಿಗಿಂತ ಹೆಚ್ಚು. ಯಾವ ದಾಖಲೆಯನ್ನೂ ಇಡಲ್ಲ ಅಂತ ಜಾಹೀರಾತು ಮಾಡ್ತಿದ್ದ ಸೇವೆಗಳು ಅವು. ಇದಕ್ಕೆ ತದ್ವಿರುದ್ಧವಾದದ್ದು ಸ್ವೀಡನ್ನಿನ ಮಲ್‌ವಾಡ್ ಕತೆ. 2023ರ ಏಪ್ರಿಲ್ 18ರಂದು ಗೊಥೆನ್‌ಬರ್ಗ್‌ನ ಅವರ ಕಚೇರಿಗೆ ಪೊಲೀಸರು ಶೋಧನಾ ವಾರೆಂಟ್ ಹಿಡಿದು ಬಂದರು, ಬರಿಗೈಯಲ್ಲಿ ವಾಪಸ್ ಹೋದರು. ಕೇಳಿದ ಮಾಹಿತಿ ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ಕಂಪನಿ ವಿವರಿಸಿತ್ತು. ಅಲ್ಲಿ ಖಾತೆ ತೆರೆಯೋಕೆ ಹೆಸರು, ಇಮೇಲ್ ಏನೂ ಬೇಡ, ಒಂದು ಸಂಖ್ಯೆ ಕೊಡ್ತಾರೆ ಅಷ್ಟೇ. ಇಟ್ಟುಕೊಳ್ಳದ ಮಾಹಿತಿಯನ್ನ ಯಾರೂ ಕಸಿದುಕೊಳ್ಳೋಕೆ ಆಗಲ್ಲ.

ನಮ್ಮ ದೇಶದ ನಿಯಮವೂ ಗೊತ್ತಿರಲಿ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಐಪಿ ಮೊದಲಾದ ವಿವರಗಳನ್ನ 5 ವರ್ಷ ಇಟ್ಟುಕೊಳ್ಳಬೇಕು. ಕಚೇರಿಗಳು ತಮ್ಮ ಉದ್ಯೋಗಿಗಳಿಗಾಗಿ ಇಟ್ಟುಕೊಂಡ ವಿಪಿಎನ್‌ಗೆ ಇದು ಅನ್ವಯಿಸಲ್ಲ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಥರದ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು. ಅಪರಾಧ ತನಿಖೆಗೆ ದಾಖಲೆ ಬೇಕು ಅನ್ನೋದು ಸರ್ಕಾರದ ವಾದ, ದಾಖಲೆ ಇಟ್ಟರೆ ನಮ್ಮ ಸೇವೆಗೇ ಅರ್ಥ ಇಲ್ಲ ಅನ್ನೋದು ಕಂಪನಿಗಳ ವಾದ. ಇದರಲ್ಲಿ ನಿಮ್ಮ ಅಭಿಪ್ರಾಯ ಏನೇ ಇರಲಿ, ಒಂದಂತೂ ಸ್ಪಷ್ಟ. ಆ್ಯಪಿನ ಕೋಡ್ ಎಷ್ಟೇ ತೆರೆದಿದ್ರೂ, ಸರ್ವರ್ ಯಾವ ದೇಶದಲ್ಲಿದೆ, ಯಾರ ಕೈಯಲ್ಲಿದೆ ಅನ್ನೋ ಪ್ರಶ್ನೆಗೆ ಆ ಕೋಡು ಉತ್ತರ ಕೊಡಲ್ಲ.

ನೀವು ಏನು ಮಾಡಬಹುದು?

ಮೊದಲ ಪ್ರಶ್ನೆ: ನಿಮಗೆ ವಿಪಿಎನ್ ನಿಜಕ್ಕೂ ಬೇಕಾ? ಮನೆಯ ವೈಫೈನಲ್ಲೋ ಮೊಬೈಲ್ ಡೇಟಾದಲ್ಲೋ ಯುಪಿಐ, ಬ್ಯಾಂಕು, ವಾಟ್ಸ್ಯಾಪ್ ಬಳಸೋ ಹೆಚ್ಚಿನವರಿಗೆ ಬೇಡ. ನಂಬಲಾಗದ ವಿಪಿಎನ್‌ಗಿಂತ ವಿಪಿಎನ್ ಇಲ್ಲದಿರೋದೇ ಮೇಲು.

ಬೇಕು ಅನ್ನೋದಾದ್ರೆ, ಇವರಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳಿ. ಸರ್ವರ್ ಬಾಡಿಗೆ, ಬ್ಯಾಂಡ್‌ವಿಡ್ತ್ ಯಾವುದೂ ಪುಕ್ಕಟೆ ಅಲ್ಲ. ನೀವು ಕೊಡ್ತಿಲ್ಲ ಅಂದ್ರೆ ಯಾರೋ ಕೊಡ್ತಿದ್ದಾರೆ, ಅವರಿಗೆ ಬದಲಿಗೆ ಏನೋ ಸಿಗ್ತಿದೆ. ಉಚಿತವಾಗಿ ಕೊಡೋ ಒಳ್ಳೆಯವರೂ ಇದ್ದಾರೆ. ಅಂಥವರು ಖರ್ಚು ಹೇಗೆ ತೂಗಿಸ್ತೀವಿ ಅಂತ ಮುಚ್ಚುಮರೆ ಇಲ್ಲದೆ ಹೇಳಿರ್ತಾರೆ.

ಆಮೇಲೆ ಆ್ಯಪಿನ ಕೋಡ್ ಓಪನ್ ಇದೆಯಾ ನೋಡಿ. ನೀವು ಓದಬೇಕಿಲ್ಲ. ಹೊರಗಿನ ತಜ್ಞರ ಕೈಲಿ ಆಡಿಟ್ ಮಾಡಿಸಿದ್ದಾರಾ, ಯಾವ ವರ್ಷ, ವರದಿ ಪೂರ್ತಿ ಪ್ರಕಟಿಸಿದ್ದಾರಾ, ಅದರಲ್ಲಿ ಸಿಕ್ಕ ದೋಷಗಳನ್ನೂ ಬರೆದಿದ್ದಾರಾ ಅಂತ ಅವರ ಸೈಟಿನಲ್ಲಿ ಹತ್ತು ನಿಮಿಷ ಹುಡುಕಿ. ಪ್ರೋಟಾನ್ ವಿಪಿಎನ್ 2020ರ ಜನವರಿಯಲ್ಲಿ ತನ್ನ ಎಲ್ಲ ಆ್ಯಪ್‌ಗಳ ಕೋಡ್ ಜೊತೆಗೆ ಆಡಿಟ್ ವರದಿಗಳನ್ನೂ ಹೊರಗಿಟ್ಟಿತು. ಮಲ್‌ವಾಡ್ ಆ್ಯಪ್ ಕೂಡ ಓಪನ್ ಸೋರ್ಸ್. ಇವು ಉದಾಹರಣೆ ಮಾತ್ರ, ಜಾಹೀರಾತು ಅಲ್ಲ. ಆಡಿಟ್ ಅನ್ನೋದು ಆ ದಿನದ ಚಿತ್ರ ಅಷ್ಟೇ, ಮುಂದಿನ ತಿಂಗಳದ್ದು ಅದರಲ್ಲಿ ಇರಲ್ಲ ಅನ್ನೋದೂ ನೆನಪಿರಲಿ.

ಪ್ಯಾಕೆಟ್ಟಿನಲ್ಲಿರೋದೂ ಪಾಕವಿಧಾನದಲ್ಲಿರೋದೂ ಒಂದೇನಾ ಅನ್ನೋ ಚಿಂತೆ ಇದ್ರೆ ಎಫ್-ಡ್ರಾಯ್ಡ್ ನೋಡಿ. ಅಲ್ಲಿ ಹೆಚ್ಚಿನ ಆ್ಯಪ್‌ಗಳನ್ನ ಹೊರಗಿಟ್ಟ ಕೋಡಿನಿಂದ ಅವರೇ ತಯಾರಿಸಿ ಕೊಡ್ತಾರೆ.

ಆಫೀಸ್ ಲ್ಯಾಪ್‌ಟಾಪಿನಲ್ಲಿ ಕಂಪನಿ ಹಾಕಿಕೊಟ್ಟ ವಿಪಿಎನ್ ಇದ್ರೆ, ಅದು ಕ್ಲೋಸ್ಡ್ ಸೋರ್ಸ್ ಅಂತ ಗಾಬರಿ ಬೇಡ. ಅದರ ಹೊಣೆ ಕಂಪನಿಯದ್ದು. ಅಪ್‌ಡೇಟ್ ಬಂದಾಗ ನಾಳೆ ಮಾಡೋಣ ಅಂತ ಮುಂದೂಡಬೇಡಿ, ನಿಮ್ಮ ಸ್ವಂತ ಕೆಲಸ ಅದರಲ್ಲಿ ಮಾಡಬೇಡಿ, ಅಷ್ಟೇ.

ಕೊನೆಯದು, ನನ್ನಂಥವರಿಗೆ. ಮನೆಯವರು "ಯಾವುದು ಹಾಕ್ಕೊಳ್ಳಲಿ?" ಅಂತ ಕೇಳಿದಾಗ ಸ್ಟಾರ್ ನೋಡಿ ಹಾಕ್ಕೊಳ್ಳಿ ಅನ್ನಬೇಡಿ. ಅವರು ಆ್ಯಪನ್ನ ನಂಬ್ತಿಲ್ಲ, ನಮ್ಮನ್ನ ನಂಬ್ತಿದ್ದಾರೆ. ಅವರ ಮಟ್ಟಿಗೆ ನಾವೇ ಆಡಿಟ್ಟು.

ಅಪ್ಪನ ಫೋನಿನಿಂದ ಅವತ್ತೇ ಆ ಆ್ಯಪ್ ತೆಗೆದೆ. ಬದಲಿಗೆ ಏನನ್ನೂ ಹಾಕಲಿಲ್ಲ. ಇನ್ನೊಂದು ಕಾಶಿ ಯಾತ್ರೆ ಬಂದ್ರೆ ಸ್ಟೇಷನ್ ವೈಫೈ ಬಿಟ್ಟು ಮೊಬೈಲ್ ಡೇಟಾ ಬಳಸಿ ಅಂದೆ. ಈಗ ಫೋನು ತಣ್ಣಗಿದೆ, ಡೇಟಾ ರಾತ್ರಿ ತನಕ ಬರುತ್ತೆ. ನಡೆದದ್ದನ್ನ ಪೂರ್ತಿ ಹೇಳಿ ತಪ್ಪು ನನ್ನದೇ ಅಂತ ಒಪ್ಪಿಕೊಂಡಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು:

"ಅಲ್ಲ ಪುಟ್ಟಿ, ನೀನು ಆಫೀಸಲ್ಲಿ ಬರೀತಿಯಲ್ಲ, ಅದನ್ನ ಯಾರಾದ್ರೂ ನಿಂತು ನೋಡ್ತಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದ್ರೆ ಆ ಸೋಮವಾರದಿಂದ ಒಂದು ಬದಲಾಗಿದೆ. ಬೇರೆಯವರ ಕೋಡು ನನ್ನ ಮುಂದೆ ಬಂದಾಗ ಶುಕ್ರವಾರ ಸಂಜೆ ಆದ್ರೂ ಸರಿ, ಪೂರ್ತಿ ಓದದೆ ಒಪ್ಪಿಗೆ ಒತ್ತಲ್ಲ. ಟೀಮಿನವರು ಒಂದಿಬ್ಬರು ಗೊಣಗಿದ್ದಾರೆ. ಗೊಣಗಲಿ ಬಿಡಿ.